ಕೂಗಿದವರ ಕಡೆ ತಿರುಗಿ ಹಾಡಿದ ಅಕ್ಕ

ನಾಟಕ ಹೇಗಿತ್ತು ಅಂತ ಯಾರಾದರೂ ಕೇಳಿದರೆ ನನಗೆ ಈಗಲೂ ರೇಗುತ್ತದೆ. ನಾಟಕ ಹೇಗಿದ್ದರೆ ಏನಂತೆ, ನೋಡಲು ಬಂದ ಜನ ಹೇಗಿದ್ದರು ಅಂತ ಕೇಳಬೇಕು. ಈ ಮಾತು ನನ್ನದಲ್ಲ, ಅಕ್ಕನದು. ಅದನ್ನು ಹೇಳಲು ಅಕ್ಕ ಈಗ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತುಮಕೂರಿನ ಉಪ್ಪಾರಹಳ್ಳಿಯ ಬಾಡಿಗೆ ಮನೆಯಲ್ಲಿ ತೀರಿಹೋದರು. ಅದಕ್ಕೇ ನಾನು ಹೇಳುತ್ತಿದ್ದೇನೆ.

ನಾನು ಕುಣಿಗಲ್ಲಿನ ಮೈಕ್‌ಸೆಟ್ ಸಾಬಿ. ಮನೆಯಲ್ಲಿ ಉರ್ದು, ಹೊಟ್ಟೆಪಾಡಿಗೆ ಕನ್ನಡ. ಮದುವೆ, ಗಣಪತಿ, ಉರುಸು, ಎಲೆಕ್ಷನ್, ಯಾವುದಕ್ಕೆ ಕರೆದರೂ ಹೋಗಿ ಹಾರ್ನು ಕಟ್ಟಿದವನು. ಆದರೆ ಇಷ್ಟಪಟ್ಟು ಹೋಗುತ್ತಿದ್ದದ್ದು ನಾಟಕಕ್ಕೆ ಮಾತ್ರ. ಸ್ಟೇಜಿನ ಪಕ್ಕದ ಸೈಡ್ ವಿಂಗಿನಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡು ಕೂತರೆ ಒಂದು ಕಣ್ಣಿಗೆ ನಾಟಕ ಕಾಣುತ್ತದೆ, ಇನ್ನೊಂದು ಕಣ್ಣಿಗೆ ಜನ ಕಾಣುತ್ತಾರೆ. ಆ ಜಾಗವನ್ನು ಯಾವ ಮುಖ್ಯಮಂತ್ರಿ ಬಂದು ಕೇಳಿದರೂ ನಾನು ಬಿಟ್ಟುಕೊಡುತ್ತಿರಲಿಲ್ಲ.

ನಮ್ಮ ಕಡೆ ನಾಟಕ ಅಂದರೆ ಊರಿನವರೇ ಬಣ್ಣ ಹಚ್ಚುವ ಪೌರಾಣಿಕ ನಾಟಕ. ರೈಸ್‌ಮಿಲ್ಲಿನ ಯಜಮಾನ ರಾಜನಾಗುತ್ತಾನೆ, ಹಾಲಿನ ಡೈರಿಯ ಸೆಕ್ರೆಟರಿ ಮಂತ್ರಿಯಾಗುತ್ತಾನೆ, ಪಿ.ಟಿ. ಮೇಷ್ಟ್ರು ರಾಕ್ಷಸನಾಗುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲಿ ಕೂತು ಇವರ ಗಂಟಲಿಂದ ಹಾಡು ಹೊರಡಿಸುತ್ತಾರೆ. ರಾಣಿಯ ಪಾತ್ರಕ್ಕೆ ಮಾತ್ರ ಊರಿನ ಹೆಂಗಸರು ಬರುವುದಿಲ್ಲ. ಅದಕ್ಕೆ ತುಮಕೂರಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಹಾಗೆ ಕರೆಸಿಕೊಂಡು ಬರುತ್ತಿದ್ದವರು ಅಕ್ಕ. ಪೋಸ್ಟರಿನಲ್ಲಿ ಊರಿನವರದ್ದೆಲ್ಲ ದುಂಡಗಿನ ಫೋಟೋ ಇರುತ್ತಿತ್ತು, ಅಕ್ಕನದು ಕೊನೆಯಲ್ಲಿ ಸಣ್ಣಕ್ಷರದ ಹೆಸರು ಮಾತ್ರ. ಆಗ ಯಾರೂ ಓದದ ಹೆಸರನ್ನು ಈಗ ನಾನು ಬರೆದು ಏನಾಗಬೇಕು? ಅಕ್ಕ ಅಂದರೆ ಸಾಕು.

ನಾನು ಅವರನ್ನು ಮೊದಲು ನೋಡಿದ್ದು ಕೊತ್ತಗೆರೆಯಲ್ಲಿ, ತೊಂಬತ್ತರ ದಶಕ ಆಗತಾನೆ ಶುರುವಾಗಿದ್ದಾಗ. ಸಂಜೆಯ ಬಸ್ಸಿಗೆ ಇಳಿದರು. ಕುಳ್ಳಗೆ, ದುಂಡಗೆ, ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ತಗಡಿನ ಟ್ರಂಕು. ಇವರಾ ರಾಣಿ ಅಂತ ನನಗೆ ನಗು ಬಂತು. ಟ್ರಂಕನ್ನು ಬಣ್ಣದ ಮನೆಯಲ್ಲಿ ಇಟ್ಟವರೇ ಕಾಫಿ ಕೂಡ ಕುಡಿಯದೆ ಬಯಲಿಗೆ ಬಂದರು. ಸ್ಟೇಜನ್ನು ತಿರುಗಿಯೂ ನೋಡಲಿಲ್ಲ. ಜನ ಕೂರುವ ಜಾಗದಲ್ಲಿ ಅಲ್ಲಲ್ಲಿ ಕುಕ್ಕರಗಾಲಲ್ಲಿ ಕೂತು, ಕತ್ತು ಆಚೀಚೆ ಮಾಡಿ, ಎದ್ದು, ಇನ್ನೊಂದು ಕಡೆ ಕೂತರು. ಆಮೇಲೆ ಕಮಿಟಿಯವರನ್ನು ಕರೆದು ಶುರು ಮಾಡಿದರು.

"ಆ ಬೋಂಡದಂಗ್ಡೀನ ಹಿಂದಕ್ ಹಾಕ್ಸ್ರಪ್ಪ. ಎಣ್ಣೆ ಹೊಗೆ ಹೆಂಗಸ್ರ ಕಡೀಕೇ ಬರ್ತೈತೆ. ಮುಂದ್ಗಡೆ ಹುಲ್ಲು ಹಾಸ್ರಿ, ಹುಡುಗ್ರು ಮಲೀಕ್ಕಳ್ಳಿ."

"ಹುಡುಗ್ರು ಮಲೀಕ್ಕಂಡ್ರೆ ನಾಟ್ಕ ಯಾರಮ್ಮ ನೋಡೋರು?" ಅಂದ ಕಮಿಟಿಯವನು.

"ಅಯ್ಯೋ ಪೆದ್ದಪ್ಪ! ಎದ್ದಿರೋ ಮಗು ಅಳ್ತೈತೆ, ಅಮ್ಮ ಎತ್ಕಂಡ್ ಮನೇಗ್ ಹೋಯ್ತಾಳೆ. ಮಲಗಿರೋ ಮಗೂನ ಯಾವ ತಾಯೀನೂ ಎಬ್ಬುಸಲ್ಲ. ಬೆಳಗಾಗೋ ಗಂಟ ಅಲ್ಲೇ ಇರ್ತಾಳೆ."

ಆಮೇಲೆ ನನ್ನ ಸರದಿ. ಆಗೆಲ್ಲ ಮೈಕಿಗೆ ಎಕೋ ಹಾಕುವುದು ನಮ್ಮ ದೊಡ್ಡಸ್ತಿಕೆ. ನಾನು 'ಹಲೋ ಹಲೋ ಮೈಕ್ ಟೆಸ್ಟಿಂಗ್' ಅಂದದ್ದು ಊರಿನಾಚೆಯ ಗುಡ್ಡಕ್ಕೆ ಹೋಗಿ ವಾಪಸ್ ಬರುತ್ತಿತ್ತು. ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದರು. "ಏನ್ ಸಾಬ್ರೇ, ಮೈಕ್ ಹಾಕಿದೀರೋ, ಬಾವಿ ತೋಡಿದೀರೋ?"

ಸುತ್ತ ಇದ್ದವರೆಲ್ಲ ನಕ್ಕರು. ನನಗೆ ಮುಖ ಉರಿಯಿತು. ಆದರೂ ಎಕೋ ತೆಗೆದೆ. ಆವತ್ತು ಹಿಂದಿನ ಸಾಲಿನ ಮುದುಕಿಯರಿಗೂ ರಾಣಿಯ ಒಂದೊಂದು ಮಾತೂ ತಿಳಿಯಿತು. ಅವರು ಮೂಗೊರೆಸಿಕೊಂಡದ್ದನ್ನು ಕಣ್ಣಾರೆ ನೋಡಿದ ಮೇಲೆ ಎಕೋ ಬಟನ್ನಿಗೆ ನಾನು ಕೈ ಹಚ್ಚಿದ್ದು ಎಲೆಕ್ಷನ್ ಭಾಷಣಗಳಿಗೆ ಮಾತ್ರ. ಅಲ್ಲಿ ಮಾತು ತಿಳಿಯದಿದ್ದರೇ ಕ್ಷೇಮ.

ಆಮೇಲಿನ ವರ್ಷಗಳಲ್ಲಿ ಎಷ್ಟೋ ನಾಟಕಗಳಲ್ಲಿ ಒಟ್ಟಿಗೆ ಸೇರಿದೆವು. 'ಸಾಬ್ರೇ' ಹೋಗಿ 'ಕಣಪ್ಪ' ಬಂತು, 'ನೀವು' ಹೋಗಿ 'ನೀನು' ಬಂತು. ಬಣ್ಣ ಹಚ್ಚಿಕೊಂಡ ಮೇಲೆ ಸೀನು ಬರುವವರೆಗೆ ಅವರು ನನ್ನ ಪಕ್ಕದಲ್ಲಿ ಸ್ಪೀಕರ್ ಬಾಕ್ಸಿನ ಮೇಲೆ ಕೂತು ಪರದೆಯ ಸಂದಿಯಿಂದ ಜನರನ್ನು ನೋಡುತ್ತಿದ್ದರು. ಬಾಯಿ ಸುಮ್ಮನಿರುತ್ತಿರಲಿಲ್ಲ. "ನೋಡು, ಆ ಕೆಂಪು ಶಾಲಿನವ್ನು ಮೊದ್ಲು ನಗ್ತಾನೆ. ಅವ್ನು ನಕ್ರೆ ಆ ಕಡೆಯೋರೆಲ್ಲ ನಗ್ತಾರೆ. ಅವ್ನ್ ಹೆಂಡ್ತಿ ಜೊತೆ ಜಗಳ ಆಡ್ಕಂಡ್ ಬಂದಿದ್ರೆ ನಮ್ ಕಾಮಿಡಿ ಸತ್ತಂಗೇ." ಜನ ರಾಜನನ್ನು ನೋಡಲು ಬರುವುದಿಲ್ಲ, ರೈಸ್‌ಮಿಲ್ಲಿನವನು ರಾಜನಾಗಿ ಹೇಗೆ ಒದ್ದಾಡುತ್ತಾನೆ ಅಂತ ನೋಡಲು ಬರುತ್ತಾರೆ ಅನ್ನುವುದು ಅವರ ಇನ್ನೊಂದು ಮಾತು. ಅದು ನಿಜವೇ. ರಾಜ ಪದ್ಯ ಮರೆತು ನಿಂತರೆ ಜನಕ್ಕೆ ಆಗುವ ಖುಷಿ, ಸರಿಯಾಗಿ ಹಾಡಿದರೂ ಆಗುವುದಿಲ್ಲ. ಅವನು ಅವರವನು. ಯುದ್ಧದ ಮಧ್ಯೆ ರಾಜನ ಭಾಮೈದ ಹಾರ ಹಿಡಿದುಕೊಂಡು ಸ್ಟೇಜ್ ಹತ್ತುತ್ತಾನೆ, ಮೈಕಿನಲ್ಲಿ ಹೆಸರು ಕೂಗಿಸುತ್ತಾನೆ, ಯುದ್ಧ ನಿಲ್ಲುತ್ತದೆ. ಶತ್ರುವೂ ಚಪ್ಪಾಳೆ ತಟ್ಟುತ್ತಾನೆ.

"ನಂಗೆ ಹಾರ ಹಾಕೋರ್ ಯಾರವ್ರೆ ಇಲ್ಲಿ?" ಅಂತ ಒಮ್ಮೆ ಅಕ್ಕ ಕೇಳಿದರು. ಬೇಜಾರಿನಿಂದಲ್ಲ, ಇದ್ದದ್ದನ್ನು ಇದ್ದಂತೆ ಹೇಳುವವರ ಹಾಗೆ. "ನಾನೊಬ್ಳೇ ಹೊರಗಿನೋಳು. ಹಾಡು ಮುಗುದ್ಮೇಲೆ ಒನ್ಸ್ ಮೋರ್ ಅಂತ ಕೂಗ್ತಾರಲ್ಲ, ಅವ್ರೇ ನನ್ ಕಡೆ ನೆಂಟ್ರು."

ಆ ಒನ್ಸ್ ಮೋರಿಗೆ ಅವರು ಉತ್ತರ ಕೊಡುತ್ತಿದ್ದ ರೀತಿಯನ್ನು ಹೇಳಲೇಬೇಕು. ಬೇರೆ ಕಲಾವಿದೆಯರು ಕೂಗು ಬಂದ ಕೂಡಲೇ ಕೈ ಮುಗಿದು ಮತ್ತೆ ಹಾಡುತ್ತಿದ್ದರು. ಅಕ್ಕ ಹಾಗಲ್ಲ. ಹಾಡು ಮುಗಿಸಿ ಒಳಗೆ ಹೊರಟವರು ವಿಂಗಿನ ಹತ್ತಿರ ನಿಲ್ಲುತ್ತಿದ್ದರು. ನಿಧಾನವಾಗಿ ತಿರುಗುತ್ತಿದ್ದರು. ಲೈಟಿಗೆ ಅಡ್ಡವಾಗಿ ಹಣೆಯ ಮೇಲೆ ಕೈ ಇಟ್ಟು, ಯಾರಪ್ಪ ಕರೆದದ್ದು ಅಂತ ಕತ್ತಲಲ್ಲಿ ಹುಡುಕುತ್ತಿದ್ದರು. ಕೂಗಿದವರು ಸಿಕ್ಕಿದರು ಅನ್ನಿಸಿದ ಮೇಲೆ ಅವರ ಕಡೆಗೇ ತಿರುಗಿ, ಅವರೊಬ್ಬರಿಗೇ ಅನ್ನುವ ಹಾಗೆ ಎರಡನೇ ಸಲ ಹಾಡುತ್ತಿದ್ದರು. ಬೆಳಿಗ್ಗೆ ಹೋಟೆಲಿನಲ್ಲಿ ಜನ ನಾಟಕದ ಕಥೆ ಮಾತಾಡುತ್ತಿರಲಿಲ್ಲ. "ನಮ್ ಕಡೀಕೇ ನೋಡಿ ಹಾಡುದ್ಲು ಕಣ್ಲಾ," "ಏಯ್ ಹೋಗ್ಲಾ, ನಾವ್ ಕೂಗಿದ್ದು," ಅಂತ ಜಗಳ ಆಡುತ್ತಿದ್ದರು. ದುಡಿದು ಸುಸ್ತಾದ ಜನಕ್ಕೆ ತಮ್ಮ ಕೂಗು ಒಬ್ಬರ ಕಿವಿಗೆ ಬಿತ್ತು ಅನ್ನುವುದಕ್ಕಿಂತ ದೊಡ್ಡ ಸುಖ ಬೇರೆ ಇಲ್ಲ ಅಂತ ನನಗೆ ಅಲ್ಲೇ ಗೊತ್ತಾದದ್ದು.

ದೇವರು ಆ ಕಿವಿಗೇ ಕೈ ಹಾಕಿದ. ಇಷ್ಟು ವರ್ಷ ನಮಾಜು ಮಾಡಿದವನು ನಾನು, ಆದರೂ ಈ ಒಂದು ವಿಷಯಕ್ಕೆ ಅವನ ಮೇಲೆ ನನಗೆ ಸಿಟ್ಟು ಹೋಗಿಲ್ಲ.

ಗೊತ್ತಾದದ್ದು ಮಾರ್ಕೋನಹಳ್ಳಿ ಡ್ಯಾಮಿನ ಕೆಳಗಿನ ಒಂದು ಊರಿನಲ್ಲಿ. ಅದಕ್ಕೂ ಮೊದಲೇ ಚೂರು ಅನುಮಾನವಿತ್ತು. ಅಕ್ಕ ಹಾರ್ಮೋನಿಯಂ ಇಟ್ಟ ಹಲಗೆಯ ಅಂಚಿಗೆ ಬಂದು, ಅದರ ಅದುರು ಕಾಲಿಗೆ ತಿಳಿಯಲಿ ಅನ್ನುವ ಹಾಗೆ ಬರಿಗಾಲು ಊರಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಹಾಡು ಎತ್ತಿಕೊಳ್ಳುವ ಮುಂಚೆ ಮೇಷ್ಟ್ರ ಕತ್ತು ಅಲ್ಲಾಡುವುದನ್ನೇ ನೋಡುತ್ತಿದ್ದರು. ಆವತ್ತು ಹಾಡು ಅದ್ಭುತವಾಗಿ ಬಂತು. ಮುಗಿದ ತಕ್ಷಣ ಬಯಲಿಗೆ ಬಯಲೇ ಒನ್ಸ್ ಮೋರ್ ಅಂತ ಕೂಗಿತು. ಅಕ್ಕ ವಿಂಗಿನ ಹತ್ತಿರ ನಿಲ್ಲಲಿಲ್ಲ. ತಿರುಗಲಿಲ್ಲ. ನೇರ ಒಳಗೆ ಬಂದು ಫ್ಲಾಸ್ಕಿನ ಮುಚ್ಚಳ ಬಿಚ್ಚಿ ಜೀರಿಗೆ ನೀರು ಕುಡಿಯಲು ಶುರು ಮಾಡಿದರು.

ಹೊರಗೆ ಇನ್ನೊಂದು ಸಲ ಕೂಗಿದರು. ಮೂರನೇ ಸಲದ ಕೂಗಿನಲ್ಲಿ ಸಿಟ್ಟಿತ್ತು. "ಏನಮ್ಮಾ, ಅಷ್ಟೊಂದ್ ಜಂಬಾನಾ?" ಅಂತ ಯಾರೋ ಅಂದರು. ಒಂದು ಮಣ್ಣಿನ ಹೆಂಟೆ ಬಂದು ಪರದೆಗೆ ಬಡಿಯಿತು. ಮುಂದಿನ ಸೀನಿಗೆ ಅಕ್ಕ ಹೊರಗೆ ಹೋದಾಗ ಹೆಂಗಸರ ಕಡೆಯವರೂ ಮುಖ ಗಂಟು ಹಾಕಿಕೊಂಡಿದ್ದರು. ಜನ ಕರೆದು ಉತ್ತರ ಸಿಗದಿದ್ದರೆ ಅಷ್ಟೇ, ಆಮೇಲೆ ಸ್ವರ್ಗವನ್ನೇ ಇಳಿಸಿದರೂ ಅವರು ಒಲಿಯುವುದಿಲ್ಲ.

ಅಕ್ಕ ಒಳಗೆ ಬಂದು ನನ್ನ ತೋಳು ಹಿಡಿದುಕೊಂಡರು. "ಜನ ಯಾಕೆ ಹಂಗ್ ನೋಡ್ತಾವ್ರೆ? ನಾನೇನ್ ಮಾಡ್ದೆ?"

"ಒನ್ಸ್ ಮೋರ್ ಅಂತ ಅಷ್ಟು ಕೂಗಿದ್ರಲ್ಲ ಅಕ್ಕಾ, ಯಾಕೆ ತಿರುಗ್ಲಿಲ್ಲ?"

ನನ್ನ ತುಟಿಯನ್ನೇ ನೋಡುತ್ತಿದ್ದರು. "ಕೂಗುದ್ರಾ?" ಅಂದರು. ಆಮೇಲೆ ಬಾಕ್ಸಿನ ಮೇಲೆ ಕುಸಿದು ಕೂತರು. "ಕಿವಿ ಹೋಯ್ತು ಕಣಪ್ಪ. ಒಂದು ಹೋಗಿ ತುಂಬಾ ದಿನ ಆಯ್ತು. ಇನ್ನೊಂದೂ ಹೋಯ್ತಾ ಐತೆ. ನರ ಸತ್ತೋಗೈತೆ, ಆಪರೇಷನ್ ಇಲ್ಲ ಅಂದ್ರು ಡಾಕ್ಟ್ರು."

"ಮಿಷನ್ ಹಾಕ್ಸ್ಕೊಳ್ಳಿ ಅಕ್ಕಾ."

"ಹಾಕಿದ್ದೆ. ನಿನ್ ಹಾರ್ನಿನ ಹತ್ರ ಬಂದ್ರೆ ಕುಯ್ಯೋ ಅಂತೈತೆ. ಕಿವೀಗೆ ಮಿಷನ್ ಸಿಗುಸ್ಕಂಡಿರೋ ರಾಣೀನ ಯಾರಪ್ಪ ನೋಡ್ತಾರೆ? ನಗ್ತಾರೆ." ನನ್ನ ತೋಳನ್ನು ಇನ್ನೂ ಬಿಗಿಯಾಗಿ ಹಿಡಿದರು. "ಯಾರ್ಗೂ ಹೇಳ್ಬೇಡ. ನಿನ್ ಮಕ್ಕಳ್ ಮೇಲಾಣೆ. ಮೇಷ್ಟ್ರಿಗೆ ಗೊತ್ತಾದ್ರೆ ನಾಳೆಯಿಂದ ಬೇರೆಯೋಳು ಬರ್ತಾಳೆ. ಸ್ಟೇಜ್ ಬುಟ್ರೆ ನಂಗೆ ಇನ್ನೇನೈತೆ ಹೇಳು? ಮನೇಲಿ ಸುಮ್ನೆ ಗೋಡೆ ನೋಡ್ಕಂಡ್ ಕೂತ್ಕಳ್ಳಾ?"

ಅವರಿಗೆ ಗಂಡ, ಮಕ್ಕಳು ಇರಲಿಲ್ಲ. ಮನೆಯಲ್ಲಿ ಇದ್ದದ್ದು ತಂಗಿಯ ಮಗಳು ಒಬ್ಬಳೇ. ನಾನು ಯಾರಿಗೂ ಹೇಳಲಿಲ್ಲ.

ಮುಂದಿನ ನಾಟಕಕ್ಕೆ ನಾನು ಎರಡು ಝೀರೋ ಬಲ್ಬು ತಂದೆ, ಒಂದು ಕೆಂಪು, ಒಂದು ಹಸಿರು. ಜನಕ್ಕೆ ಕಾಣದಂತೆ ವಿಂಗಿನ ಒಳಮೈಗೆ, ಅಕ್ಕನ ಕಣ್ಣಿನ ಎತ್ತರಕ್ಕೆ ಮೊಳೆ ಹೊಡೆದು ಕಟ್ಟಿದೆ. ಸ್ವಿಚ್ಚು ನನ್ನ ಆಂಪ್ಲಿಫೈಯರಿನ ಪಕ್ಕ. ಗಂಡಸರ ಕಡೆಯಿಂದ ಒನ್ಸ್ ಮೋರ್ ಬಂದರೆ ಕೆಂಪು, ಹೆಂಗಸರ ಕಡೆಯಿಂದ ಬಂದರೆ ಹಸಿರು. ಅಕ್ಕ ಬಲ್ಬುಗಳನ್ನು ಮಗುವಿನ ಹಾಗೆ ಮುಟ್ಟಿ ನೋಡಿದರು. ಕಣ್ಣು ಒರೆಸಿಕೊಂಡರು. ಆಮೇಲೆ ಒಂದು ಷರತ್ತು ಹಾಕಿದರು.

"ಜನ ಕರೀದೇ ಇದ್ರೆ ಹತ್ತುಸ್ಬೇಡ. ಪಾಪ ಅಂತ ಹತ್ತುಸ್ದೆ ಅಂತ ಗೊತ್ತಾದ್ರೆ ನಿನ್ ಮುಖ ನೋಡಲ್ಲ."

ವರ್ಷಗಟ್ಟಲೆ ಹಾಗೇ ನಡೆಯಿತು. ಬಲ್ಬು ಹತ್ತುತ್ತಿತ್ತು, ಅಕ್ಕ ನಿಲ್ಲುತ್ತಿದ್ದರು, ತಿರುಗುತ್ತಿದ್ದರು, ಹಣೆಯ ಮೇಲೆ ಕೈ ಇಡುತ್ತಿದ್ದರು, ಕೆಂಪಿಗೆ ಬಲಕ್ಕೆ, ಹಸಿರಿಗೆ ಎಡಕ್ಕೆ ತಿರುಗಿ ಹಾಡುತ್ತಿದ್ದರು. ಒಬ್ಬರಿಗೂ ಅನುಮಾನ ಬರಲಿಲ್ಲ. ಬೆಳಿಗ್ಗೆ ಹೋಟೆಲಿನಲ್ಲಿ ಅದೇ ಜಗಳ. ನಾನು ಇಡ್ಲಿ ತಿನ್ನುತ್ತಾ ಒಳಗೊಳಗೇ ನಗುತ್ತಿದ್ದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಆದರೆ ಕೇಳದ ಗಂಟಲು ಎಷ್ಟು ದಿನ ಶ್ರುತಿಯಲ್ಲಿ ಇರುತ್ತದೆ? ಎರಡು ಸಾವಿರದ ಇಸವಿ ದಾಟಿದ ಮೇಲೆ ಅಕ್ಕನ ಹಾಡು ಮೆಲ್ಲಗೆ ಜಾರತೊಡಗಿತು. ಹಾರ್ಮೋನಿಯಂ ಮೇಷ್ಟ್ರು ಒಳ್ಳೆಯವರು. ಅಕ್ಕ ಜಾರಿದ ಕಡೆಗೆ ಅವರೂ ಶ್ರುತಿಯ ಮನೆ ಬದಲಾಯಿಸಿ ನುಡಿಸಿ ಮಾನ ಉಳಿಸುತ್ತಿದ್ದರು. ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಜನವೂ ಬದಲಾಗಿದ್ದರು. ಮನೆಮನೆಯಲ್ಲಿ ಟಿವಿ ಬಂದಿತ್ತು, ಹುಡುಗರು ನಾಟಕದ ಮಧ್ಯೆ ಡ್ಯಾನ್ಸ್ ಹಾಡು ಹಾಕಿ ಅಂತ ಕೂಗುತ್ತಿದ್ದರು. ಹಾಡು ಮುಗಿಸಿ ಅಕ್ಕ ಬಲ್ಬಿನ ಕಡೆ ನೋಡುತ್ತಾ ನಡೆದು ಬರುತ್ತಿದ್ದರು. ಹೆಜ್ಜೆ ನಿಧಾನ ಮಾಡುತ್ತಿದ್ದರು. ವಿಂಗಿನ ಹತ್ತಿರ ಸೆರಗು ಸರಿಮಾಡುವ ನೆಪದಲ್ಲಿ ನಿಲ್ಲುತ್ತಿದ್ದರು. ನನ್ನ ಬೆರಳು ಸ್ವಿಚ್ಚಿನ ಮೇಲೇ ಇರುತ್ತಿತ್ತು. ಹೊರಗಿನಿಂದ ಕೂಗು ಬರುತ್ತಿರಲಿಲ್ಲ. ಒತ್ತಿಬಿಡಲಾ ಅನ್ನಿಸುತ್ತಿತ್ತು. ಷರತ್ತು ನೆನಪಾಗುತ್ತಿತ್ತು. ಅಕ್ಕ ಒಳಗೆ ಬರುತ್ತಿದ್ದರು, ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ಆ ಹೊತ್ತು ನನಗೆ ಎಲ್ಲಾದರೂ ಓಡಿಹೋಗಬೇಕು ಅನ್ನಿಸುತ್ತಿತ್ತು.

ಆಮೇಲೆ ಗುಬ್ಬಿಯ ನಾಟಕ ಬಂತು. ಗುಬ್ಬಿ ಅಂದರೆ ನಾಟಕದ ಊರು, ಅಲ್ಲಿ ಸೋಡಾ ಮಾರುವವನೂ ತಾಳ ಹಾಕುತ್ತಾನೆ. ಬಣ್ಣದ ಮನೆಯಲ್ಲಿ ಮೇಷ್ಟ್ರು ಅಕ್ಕನ ಎದುರು ಬಂದು ಕೂತು, ಬಾಯಿ ಬಿಡಿಸಿ ಬಿಡಿಸಿ ಹೇಳಿದರು.

"ಅಮ್ಮಾ, ಇಲ್ಲಿ ಹಾಡು ಕೈ ಕೊಟ್ರೆ ನನ್ ಕೈಲಿ ಏನೂ ಆಗಲ್ಲ. ಈ ಸಲ ನಾಟ್ಕ ಆಡ್ಸೋ ಊರ್ಗಳ ಕಮಿಟಿಯೋರೆಲ್ಲ ಇಲ್ಲಿಗ್ ಬಂದವ್ರೆ. ಬೇರೆಯೋಳನ್ನ ಗೊತ್ತು ಮಾಡಿ ಇಟ್ಕಂಡವ್ರೆ."

ಅಕ್ಕ ತಲೆ ಆಡಿಸಿದರು. ಮೇಷ್ಟ್ರು ಎದ್ದು ಹೋದ ಮೇಲೆ ನನ್ನ ಕಡೆ ತಿರುಗಿದರು. "ಇವತ್ತು ಬಲ್ಬ್ ಹತ್ತುದ್ರೆ ಉಳ್ಕಂಡೆ. ಇಲ್ದಿದ್ರೆ ಮುಗೀತು ಕಣಪ್ಪ ನನ್ ಕಥೆ." ಎಂದಿನಂತೆ ಬಯಲಿಗೂ ಹೋಗಲಿಲ್ಲ. ಬೋಂಡದ ಅಂಗಡಿ ಎಲ್ಲಿದೆ ಅಂತ ನೋಡಲಿಲ್ಲ, ಹುಲ್ಲು ಹಾಸಿ ಅಂತ ಹೇಳಲಿಲ್ಲ.

ಹಾಡು ಎತ್ತಿಕೊಂಡದ್ದೇ ಒಂದು ಕಡೆ, ಹೋದದ್ದೇ ಇನ್ನೊಂದು ಕಡೆ. ಮೇಷ್ಟ್ರು ಹಿಂದೆ ಹಿಂದೆ ಓಡಿದರು, ಹಿಡಿಯಲಾಗಲಿಲ್ಲ. ಎರಡನೇ ಚರಣಕ್ಕೆ ಗಂಡಸರ ಕಡೆ ನಗು ಶುರುವಾಯಿತು. ಯಾರೋ ಒಬ್ಬ ಅಕ್ಕನ ದನಿಯನ್ನೇ ಅಣಕಿಸಿ ಕೂಗಿದ. ಶಿಳ್ಳೆ ಬಂತು. ಹಾಡು ಮುಗಿದ ಮೇಲಂತೂ "ಸಾಕು, ಸಾಕು, ಒಳೀಕ್ ಹೋಗಮ್ಮೋ" ಅಂತ ಕೈಗಳನ್ನು ತಲೆಯ ಮೇಲೆತ್ತಿ ಜೋರು ಚಪ್ಪಾಳೆ ಹೊಡೆದರು. ಕೆಲವರು ಎದ್ದು ನಿಂತು ಕೈ ಬೀಸಿದರು.

ಅಕ್ಕ ಬಲ್ಬಿನ ಕಡೆ ನೋಡಿದರು. ನಾನು ಹತ್ತಿಸಲಿಲ್ಲ. ಹೇಗೆ ಹತ್ತಿಸಲಿ? ಅವರು ಜನರ ಕಡೆ ನೋಡಿದರು. ಎತ್ತಿದ ಕೈಗಳು, ತೆರೆದ ಬಾಯಿಗಳು, ಎದ್ದು ನಿಂತ ಜನ. ಮತ್ತೆ ಬಲ್ಬಿನ ಕಡೆ ನೋಡಿದರು. ಆಗ ಅವರ ಮುಖದಲ್ಲಿ ಒಂದು ನಗು ಬಂತು. ನನಗೆ ಅದರ ಅರ್ಥ ತಕ್ಷಣ ಆಯಿತು. ಬಲ್ಬು ಕೆಟ್ಟುಹೋಗಿದೆ ಅಂತ ಅವರು ಅಂದುಕೊಂಡಿದ್ದರು. ಇಷ್ಟೊಂದು ಜನ ಒನ್ಸ್ ಮೋರ್ ಅನ್ನುತ್ತಿರುವಾಗ ಬಲ್ಬು ಹತ್ತಿಲ್ಲ ಅಂದರೆ ಕೆಟ್ಟಿರಲೇಬೇಕಲ್ಲ.

ನಾನು ಬೇಡ ಬೇಡ ಅಂತ ಕೈ ಆಡಿಸಿದೆ. ಅವರು ಆಗಲೇ ತಿರುಗಿಬಿಟ್ಟಿದ್ದರು. ಹಣೆಯ ಮೇಲೆ ಕೈ ಇಟ್ಟು, ಕೂಗಿದವರನ್ನು ಹುಡುಕಿ, ಅತಿ ಹೆಚ್ಚು ಅಣಕಿಸುತ್ತಿದ್ದವರ ಕಡೆಗೇ ಪ್ರೀತಿಯಿಂದ ಕೈ ಚಾಚಿ, ಪಲ್ಲವಿಯಿಂದ ಹಾಡು ಶುರು ಮಾಡಿದರು. ಮೇಷ್ಟ್ರು ನನ್ನ ಕಡೆ ನೋಡಿದರು, ನಾನು ಅವರ ಕಡೆ ನೋಡಿದೆ. ಪಾಪ, ತಲೆ ತಗ್ಗಿಸಿ ನುಡಿಸಿದರು. ಜನ ಹೆಚ್ಚು ನಕ್ಕಷ್ಟೂ, ಹೆಚ್ಚು ಕೈ ಎತ್ತಿದಷ್ಟೂ ಅಕ್ಕ ಹೆಚ್ಚು ಖುಷಿಯಿಂದ ಹಾಡಿದರು. ಅಷ್ಟು ಖುಷಿಯಿಂದ ಅವರು ಹಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಯಾ ಅಲ್ಲಾ, ಈ ನೆಲ ಬಾಯಿ ಬಿಟ್ಟು ನಮ್ಮನ್ನೆಲ್ಲ ನುಂಗಬಾರದಾ ಅಂದುಕೊಂಡೆ.

ನೆಲ ಬಾಯಿ ಬಿಡಲಿಲ್ಲ. ಕರೆಂಟು ಹೋಯಿತು.

ಬಯಲೆಲ್ಲ ಕತ್ತಲು. ನನ್ನ ಮೈಕು ಸತ್ತಿತು. ಕತ್ತಲಲ್ಲಿ ಮೇಷ್ಟ್ರೂ ಹಾರ್ಮೋನಿಯಂ ನಿಲ್ಲಿಸಿದರು. ಹಲಗೆ ಬಿಟ್ಟು ಜನರ ಕಡೆ ಬಂದಿದ್ದ ಅಕ್ಕನಿಗೆ ಅದು ಯಾವುದೂ ಗೊತ್ತಾಗಲಿಲ್ಲ, ಲೈಟು ಹೋದದ್ದು ಮಾತ್ರ ಗೊತ್ತಾಯಿತು. ಲೈಟು ಹೋದರೆ ಹಾಡು ನಿಲ್ಲಿಸಬಾರದು, ನಿಲ್ಲಿಸಿದರೆ ಜನ ಏಳುತ್ತಾರೆ ಅನ್ನುವುದು ಅವರ ಹಳೆಯ ಪಾಠ. ಹಾಡುತ್ತಲೇ ಇದ್ದರು. ಹಾರ್ಮೋನಿಯಂ ಇಲ್ಲದ ಮೇಲೆ ಆ ದನಿ ಯಾವ ಶ್ರುತಿಯನ್ನೂ ತಪ್ಪಬೇಕಾಗಿರಲಿಲ್ಲ. ಒಬ್ಬ ಹೆಂಗಸು ಕತ್ತಲಲ್ಲಿ ಒಬ್ಬಳೇ ಹಾಡಿಕೊಳ್ಳುತ್ತಿದ್ದ ಹಾಗಿತ್ತು. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಯಾರೋ ಹೆಂಗಸು "ಶ್, ಸುಮ್ನಿರ್ರೋ" ಅಂದಳು. ನಾನು ಜನರೇಟರ್ ಶುರು ಮಾಡುವ ಹಗ್ಗ ಕೈಯಲ್ಲಿ ಹಿಡಿದು ನಿಂತಿದ್ದೆ. ಎಳೆಯಲಿಲ್ಲ. ಬಯಲಿನಲ್ಲಿ ಒಂದು ಕೆಮ್ಮೂ ಇರಲಿಲ್ಲ. ಅಷ್ಟು ವರ್ಷ ಹಾರ್ನು ಕಟ್ಟಿದ ನಾನು, ಜನ ಹಾಗೆ ಕೇಳಿದ್ದನ್ನು ಅದೊಂದೇ ಸಲ ಕೇಳಿದ್ದು.

ಅಷ್ಟರಲ್ಲಿ ಕರೆಂಟು ತಾನಾಗಿಯೇ ಬಂತು.

ಬೆಳಕಿಗೆ ಅಕ್ಕ ಕಣ್ಣು ಕಿರಿದು ಮಾಡಿ ಜನರನ್ನು ನೋಡಿದರು. ಒಂದು ಕೈಯೂ ಮೇಲಿರಲಿಲ್ಲ. ಎಲ್ಲರ ಕೈ ಮಡಿಲಲ್ಲಿ, ಎಲ್ಲರ ಬಾಯಿ ಮುಚ್ಚಿತ್ತು. ಅಣಕಿಸಿದವನು ತಲೆ ಬಗ್ಗಿಸಿ ಕೂತಿದ್ದ. ಅಕ್ಕನ ಮುಖದ ನಗು ಆರಿಹೋಯಿತು. ಬಲ್ಬಿನ ಕಡೆ ನೋಡಿದರು. ಸಾಲಿನ ನಡುವೆ ಹಾಡು ನಿಲ್ಲಿಸಿ, ಕೈ ಕೂಡ ಮುಗಿಯದೆ ಒಳಗೆ ಬಂದುಬಿಟ್ಟರು.

"ನೋಡ್ದಾ?" ಅಂದರು ಬಾಕ್ಸಿನ ಮೇಲೆ ಕೂತು. "ಎಷ್ಟ್ ಜನ ಎದ್ದು ನಿಂತು ಕೂಗುದ್ರು! ಆ ಹಾಳು ಕರೆಂಟ್ ಹೋಗಿ ಎಲ್ಲಾ ಕೆಡ್ತು. ಆಮೇಲ್ ನೋಡಿದ್ರೆ ಸತ್ತ ಮನೇಲಿ ಕೂತಂಗೆ ಕೂತವ್ರೆ."

"ಕೇಳ್ತಾ ಇದ್ರು ಅಕ್ಕಾ." ಬಾಯಿ ದೊಡ್ಡದು ಮಾಡಿ, ಕಿವಿ ಮುಟ್ಟಿ ತೋರಿಸಿ, ಮತ್ತೆ ಹೇಳಿದೆ. "ಎಲ್ಲಾರೂ ಕೇಳ್ತಾ ಇದ್ರು. ಖುದಾನ ಮೇಲೆ ಆಣೆ."

"ನೀನೂ ಸಮಾಧಾನ ಹೇಳಕ್ ಬಂದ್ಯಾ? ನಂಗ್ ಕಣ್ಣಿಲ್ವಾ?" ಅಂದರು. ಆಮೇಲೆ ವಿಂಗಿನ ಕಡೆ ಕೈ ತೋರಿಸಿ ಕೇಳಿದರು. "ಬಲ್ಬ್ ಯಾಕ್ ಹತ್ಲಿಲ್ಲ? ಕೆಟ್ಟೋಗಿತ್ತಾ?"

"ಹೂಂ ಅಕ್ಕಾ. ಕೆಟ್ಟೋಗಿತ್ತು."

ನಾನು ಹೇಳಿದ ನಿಜವನ್ನು ಅವರು ನಂಬಲಿಲ್ಲ, ಸುಳ್ಳನ್ನು ನಂಬಿದರು. ಆ ಸುಳ್ಳಿಗೆ ನನಗೆ ಇವತ್ತಿಗೂ ಬೇಸರವಿಲ್ಲ. ನಿಜವನ್ನು ನಂಬಿಸಲಾಗಲಿಲ್ಲವಲ್ಲ ಅನ್ನುವುದೇ ಸಂಕಟ.

ಅದಾದ ಮೇಲೆ ಅಕ್ಕನನ್ನು ಯಾವ ಕಮಿಟಿಯವರೂ ಕರೆಯಲಿಲ್ಲ. ತುಮಕೂರಿಗೆ ಸಾಮಾನು ತರಲು ಹೋದಾಗಲೆಲ್ಲ ನಾನು ಉಪ್ಪಾರಹಳ್ಳಿಗೆ ಹೋಗಿ ಬರುತ್ತಿದ್ದೆ. ಅಕ್ಕ ರಸ್ತೆಯ ಕಡೆ ಮುಖ ಮಾಡಿ ಬಾಗಿಲಲ್ಲಿ ಕೂತಿರುತ್ತಿದ್ದರು. ಆಗ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಯಾರಾದರೂ ಕೈ ಎತ್ತಿ ಆಟೋ ನಿಲ್ಲಿಸಿದರೂ ಅಕ್ಕ ಬೆಚ್ಚಿ ತಿರುಗುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಚಹಾ ಆರುವ ಮೊದಲೇ ಎದ್ದುಬಿಡುತ್ತಿದ್ದೆ. ಪ್ರತಿ ಸಲವೂ ಒಂದೇ ಪ್ರಶ್ನೆ. "ಬಲ್ಬ್ ಹೊಸಾದು ಹಾಕುಸ್ದಾ?" ನಾನು ಹಾಕಿಸಿದೆ ಅಂತ ತಲೆ ಆಡಿಸುತ್ತಿದ್ದೆ. "ಮೇಷ್ಟ್ರಿಗ್ ಹೇಳು. ಗುಬ್ಬೀಲಿ ಕರೆಂಟ್ ಹೋಗ್ದಿದ್ರೆ ಆವತ್ತು ಗೆದ್ದಿದ್ದೆ ಅಂತ ಹೇಳು." ಮೇಷ್ಟ್ರಿಗೆ ಹೇಳಿದೆ ಕೂಡ. ಅವರು ಬೇರೆ ಕಡೆ ನೋಡಿ ಕಣ್ಣೊರೆಸಿಕೊಂಡರು, ಕರೆಯಲಿಲ್ಲ.

ನಾಟಕಗಳಿಗೆ ಪರದೆ ಬಾಡಿಗೆ ಕೊಡುವ ತುಮಕೂರಿನ ಸೀನರಿ ಅಂಗಡಿಯವನು ಫೋನ್ ಮಾಡಿ ಅಕ್ಕ ಹೋದರು ಅಂದಾಗ ನಾನು ಮದುವೆಯೊಂದರ ಹಾರ್ನು ಬಿಚ್ಚುತ್ತಿದ್ದೆ. ಹಾಗೇ ಬಸ್ಸು ಹತ್ತಿದೆ. ಮನೆಯ ಮುಂದೆ ಚಟ್ಟ ಸಿದ್ಧವಾಗಿತ್ತು. ಮೇಷ್ಟ್ರು, ಸೀನರಿಯವನು, ತಂಗಿಯ ಮಗಳು, ಬೀದಿಯ ನಾಲ್ಕಾರು ಜನ. ಅಕ್ಕನನ್ನು ಗೋಡೆಗೆ ಒರಗಿಸಿ, ಬೀದಿಯ ಕಡೆ ಮುಖ ಮಾಡಿ ಕೂರಿಸಿದ್ದರು. ಹಣೆಗೆ ದೊಡ್ಡ ಕುಂಕುಮ, ಕೊರಳಿಗೆ ಹಾರ. ಯಾರು ತಂದರೋ, ಅಂತೂ ಒಂದು ಹಾರ ಬಂದಿತ್ತು. ಜೋರಾಗಿ ಅಳುವವರು ಯಾರೂ ಇರಲಿಲ್ಲ. ಎಲ್ಲರೂ ಕೈ ಕಟ್ಟಿಕೊಂಡು ಸುಮ್ಮನೆ ನಿಂತಿದ್ದರು.

ಆ ಸುಮ್ಮನೆ ನಿಂತ ಜನರನ್ನು ನೋಡಿ ನನಗೆ ಗುಬ್ಬಿ ನೆನಪಾಯಿತು. ಅಕ್ಕ ಈಗ ಕಣ್ಣು ಬಿಟ್ಟರೆ ಮತ್ತೆ ತಪ್ಪು ತಿಳಿದುಕೊಳ್ಳುತ್ತಾರೆ ಅನ್ನಿಸಿತು. ಒಬ್ಬರ ಕೈಯೂ ಮೇಲಿಲ್ಲ, ನಾನು ಸೋತೆ ಅಂದುಕೊಂಡೇ ಹೋಗುತ್ತಾರೆ. ಹುಚ್ಚು ಯೋಚನೆ, ನನಗೂ ಗೊತ್ತು. ಆದರೂ ತಡೆಯಲಾಗಲಿಲ್ಲ. ಅವರ ಮುಖಕ್ಕೆ ನೇರ ಎದುರಾಗಿ ನಿಂತು ಎರಡೂ ಕೈಗಳನ್ನು ತಲೆಯ ಮೇಲೆ, ಎಷ್ಟು ಎತ್ತರಕ್ಕೆ ಹೋಗುತ್ತವೋ ಅಷ್ಟು ಎತ್ತರಕ್ಕೆ ಎತ್ತಿದೆ.

ಬೀದಿಯವರು ನನ್ನನ್ನೇ ನೋಡಿದರು. ಸಾಬ್ರ ಪದ್ಧತಿ ಹೀಗಿರಬೇಕು ಅಂದುಕೊಂಡರೋ ಏನೋ. ಮೊದಲು ಮೇಷ್ಟ್ರು, ಆಮೇಲೆ ಸೀನರಿಯವನು, ಆಮೇಲೆ ಉಳಿದವರು, ತಮ್ಮ ಪದ್ಧತಿಯಂತೆ ಕೈ ಜೋಡಿಸಿ ತಲೆಯ ಮೇಲಕ್ಕೆತ್ತಿದರು. ಅಕ್ಕನ ಎದುರಿಗಿದ್ದ ಅಷ್ಟೂ ಜನರ ಕೈ ಮೇಲಿತ್ತು.